ಸೂರಿನ ದೋಣಿಯಲ್ಲಿ ಹಳದಿ ಹೂ

ಹೊಸದುರ್ಗದ ನಮ್ಮ ಮನೆಯ ಶೀಟಿನ ಮಾಡಿಗೆ ಅಂಚಿನುದ್ದಕ್ಕೂ ತಗಡಿನ ದೋಣಿ ಇದೆ. ಮಳೆನೀರು ಅದರಲ್ಲಿ ಹರಿದು ಮೂಲೆಯ ಪೈಪಿನಿಂದ ನೆಲದಡಿಯ ಸಂಪಿಗೆ ಇಳಿಯುತ್ತದೆ. ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಕುಕ್ಕರ್ ಎಷ್ಟು ಕೂಗಿಸಿದರೂ ಕಲ್ಲು, ಮಳೆನೀರಿನಲ್ಲಿ ಬೆಣ್ಣೆ. ಹಾಗಾಗಿ ಚಿತ್ತೆ ಮಳೆಗೆ ಮುಂಚೆ ದೋಣಿಯ ಕಸ ತೆಗೆಯುವುದು ನನ್ನ ಕೆಲಸ. ಹೋದ ವರ್ಷ ಅದಕ್ಕೇ ಏಣಿ ಹತ್ತಿ, ಬಿದ್ದು, ಸೊಂಟ ಮುರಿದುಕೊಂಡೆ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ನನ್ನ ಹೆಂಡತಿ ಏಣಿಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ಯಾರಿಗೆ ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

"ನೆಲದ ಮ್ಯಾಲೆ ನಿಂತ್ಕಂಡು ಏನ್ ಬೇಕಾದ್ರೂ ಮಾಡ್ರಿ. ಹತ್ತಾದು ಮಾತ್ರ ಬ್ಯಾಡ" ಎಂಬುದು ಅವಳ ಷರತ್ತು.

ಈ ವರ್ಷ ದೋಣಿಯಂಚಿನಲ್ಲಿ ಏನೋ ಹಸಿರು ಇಣುಕುತ್ತಿತ್ತು. ಇಂಥದ್ದು ಕಂಡರೆ ಅದೇನೆಂದು ಗೊತ್ತಾಗುವ ತನಕ ನನಗೆ ಅನ್ನ ಸೇರುವುದಿಲ್ಲ. ಬೇವೋ, ಅರಳಿಯೋ? ನನ್ನ ಹೆಂಡತಿಯ ತವರು ತುರುವನೂರಿನ ಕಡೆ, ಕುರಿ ಸಾಕಿದ ಮನೆ. ಅಲ್ಲಿಂದ ತಂದ ದೋಟಿ ಹಿತ್ತಲಲ್ಲಿತ್ತು. ಕುರಿಗಳಿಗೆ ಜಾಲಿಕಾಯಿ ಉದುರಿಸುವ, ತುದಿಗೆ ಕೊಕ್ಕೆಯಿರುವ ಉದ್ದನೆಯ ಬಿದಿರು ಅದು. ಅದರ ತುದಿಗೆ ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ವಿಡಿಯೊ ಹಚ್ಚಿ ಮೇಲೆತ್ತಿದೆ. ಮೊದಲು ಬರೀ ಆಕಾಶ ಬಂತು, ಆಮೇಲೆ ನನ್ನದೇ ಬೋಳು ತಲೆ. ಕೊನೆಗೊಮ್ಮೆ ಹಳದಿ ಹೂ ಕಂಡಿತು.

"ಅಯ್ಯೋ, ಇದು ಶೇಂಗಾ ಅಲ್ವೇನ್ರಿ!" ಎಂದಳು ಹೆಂಡತಿ, ಮೊಬೈಲಿಗೆ ಬಗ್ಗಿ.

ಧರ್ಮಪುರದ ನೆಂಟರು ಕೊಟ್ಟಿದ್ದ ಶೇಂಗಾ ಚೀಲ ಪಡಸಾಲೆಯಲ್ಲಿ ದಿನದಿನಕ್ಕೂ ಇಳಿಯುತ್ತಿದ್ದುದಕ್ಕೆ ಅವಳು ನನ್ನನ್ನೇ ಬೈದಿದ್ದಳು. ಕದ್ದಿದ್ದು ಅಳಿಲುಗಳು! ದೋಣಿಯ ಮಣ್ಣಲ್ಲಿ ಬಚ್ಚಿಟ್ಟಿದ್ದು ಜಡಿಮಳೆಗೆ ಮೊಳೆತು ಗಿಡವಾಗಿತ್ತು. ನಿರಪರಾಧಿಯಾದ ಖುಷಿಗೆ ಆ ವಿಡಿಯೊವನ್ನು ಅವಳಿಗೆ ಮತ್ತೆ ಮತ್ತೆ ತೋರಿಸಿದೆ.

ಅಡುಗೆಮನೆಯ ಹಳೆಯ ಸವಟೊಂದನ್ನು ಬಗ್ಗಿಸಿ, ದೋಟಿಯ ಕೊಕ್ಕೆಯ ಪಕ್ಕಕ್ಕೆ ತಂತಿಯಿಂದ ಕಟ್ಟಿ ಕೆರೆಯತೊಡಗಿದೆ. ಗಿಡಕ್ಕೆ ಕೊಕ್ಕೆ ಹಾಕಿ ಎಳೆದರೆ ದೋಣಿಯೇ ಕಿತ್ತು ಬರುವಂತಾಯಿತು.

"ಎಳೀಬ್ಯಾಡ್ರಿ, ತಿರುವ್ರಿ. ಜಾಲಿಕಾಯಿಗೆ ಹಂಗೇ ಮಾಡಾದು."

ತಿರುವಿದೆ. ಗಿಡ ಬೇರುಸಮೇತ ಎದ್ದು, ಕೊಳೆತ ಬೇವಿನೆಲೆಯನ್ನೂ ಕರೆದುಕೊಂಡು ನನ್ನ ಮುಖದ ಮೇಲೆ ಬಿತ್ತು. ಬೇರಿನಲ್ಲಿ ಎಳೆಗಾಯಿಗಳಿದ್ದವು. ಅವಳು ನಗುತ್ತಾ ಕಟ್ಟೆಯ ಮೇಲೆ ಕುಸಿದು ಕೂತಳು.

ಸಂಜೆಯ ಹೊತ್ತಿಗೆ ಪೈಪಿನ ಬಾಯೊಂದನ್ನು ಬಿಟ್ಟು ದೋಣಿಯೆಲ್ಲ ಖಾಲಿ. ಬಾಯಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಸವಟು ತಾಗಿದರೆ ಟಣ್ ಎನ್ನುತ್ತಿತ್ತು. ಅದಕ್ಕೆ ತಿರುವುವುದೂ ನಡೆಯಲಿಲ್ಲ, ಮೊಬೈಲಿಗೂ ಕಾಣಲಿಲ್ಲ. ಅಷ್ಟರಲ್ಲಿ ಮೋಡ ಕವಿದು ಗಾಳಿ ಎದ್ದಿತು. ಅದನ್ನು ತೆಗೆಯದಿದ್ದರೆ ಬರುವ ನೀರೆಲ್ಲ ಅಂಗಳದ ಪಾಲು. ನಾನು ಕುರ್ಚಿ ಎಳೆದು ತಂದೆ.

"ಒಂದೇ ನಿಮಿಷ. ಬರೀ ಕುರ್ಚಿ ಕಣೇ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹತ್ತಿರ ಬಂದು ಅಂಗಿಯ ಚುಂಗು ಹಿಡಿದುಕೊಂಡಳು.

"ಅವತ್ತು ನೀವು ಬಿದ್ದ ಸದ್ದು ಕೇಳಿ ಓಡಿ ಬಂದೆ. ಎಷ್ಟು ಕೂಗಿದ್ರೂ ನೀವು ಓಗೊಡ್ಲಿಲ್ಲ. ಹೋಗೇ ಬಿಟ್ರಿ ಅನ್ಕಂಡೆ. ನೀರು ಹೋದ್ರೆ ಹೋಗ್ಲಿ. ಬೇಳೆ ಬೇಯದಿದ್ರೆ ಹಂಗೇ ಉಣ್ಣಾಣ."

ನಾನು ಓಗೊಡಲಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನಗೆ ನೆನಪಿದ್ದುದು ನೋವು ಮಾತ್ರ. ಇಷ್ಟು ದಿನ ಅವಳು ಆ ಮಾತನ್ನು ಒಬ್ಬಳೇ ಇಟ್ಟುಕೊಂಡಿದ್ದಳು.

ಕುರ್ಚಿಯನ್ನು ಜಗಲಿಗೆ ತಂದು ಹಾಕಿ ಕೂತೆ. ಮಳೆ ಹೊಡೆಯಿತು. ದೋಣಿ ತುಂಬಿ, ಸಂಪಿಗೆ ಇಳಿಯಬೇಕಾದ ನೀರು ನಮ್ಮ ಕಣ್ಣೆದುರಿಗೇ ಅಂಗಳಕ್ಕೆ ಸುರಿಯಿತು. ಟಣ್ ಎಂದದ್ದು ಏನಿರಬಹುದು ಎಂದು ಯೋಚಿಸುವ ಮನಸ್ಸೂ ಆಗಲಿಲ್ಲ. ಮಳೆ ನಿಲ್ಲುವ ತನಕ ಅವಳು ನನ್ನ ಅಂಗಿ ಬಿಡಲಿಲ್ಲ.