ತುಪ್ಪ ಸವರಿದ ಕ್ಲಚ್ ಪ್ಲೇಟು

ಇಂದು ಆಯುಧಪೂಜೆ. ಬೆಳಗ್ಗೆ ಆರೂವರೆ. ಅಜ್ಜಂಪುರದ ನಮ್ಮ ಮನೆಯ ನಡುಮನೆಯಲ್ಲಿ ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಸ್ಕೂಟರ್ ತೊಳೆದಾಗಿತ್ತು. ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಹಲಗೆಯ ಮೇಲೆ ಜೋಡಿಸಿಯಾಗಿತ್ತು. ಕೊನೆಗೆ ಗೋಡೆಯ ಮೊಳೆಯಿಂದ ಆ ಕ್ಲಚ್ ಪ್ಲೇಟನ್ನು ಇಳಿಸಿದೆ. ಊಟದ ತಟ್ಟೆಗಿಂತ ತುಸು ಚಿಕ್ಕದು, ನಡುವೆ ಹಲ್ಲುಗಳಿರುವ ತೂತು, ಸುತ್ತಲೂ ಹಿಡಿತಕ್ಕೆಂದು ಕೂರಿಸಿದ ಕಪ್ಪುಗಂದು ಲೈನಿಂಗ್. ಒಂದು ದಿನವೂ ಕಾರಿನೊಳಗೆ ತಿರುಗಿದ್ದಲ್ಲ. ಮೂಗಿನ ಹತ್ತಿರ ತಂದರೆ ಈಗಲೂ ಕಮಟು ತುಪ್ಪದ ವಾಸನೆ...

ಆ ವಾಸನೆ ಬಂದರೆ ಎದುರು ಮನೆಯ ಅಕ್ಕನೇ ಬಂದು ನಿಂತಂತಾಗುತ್ತದೆ.

ಅಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ತಂದೆ ಬೇಗ ತೀರಿಕೊಂಡ ಮೇಲೆ ಅವರಮ್ಮ ಒಬ್ಬರೇ ನಡೆಸಿಕೊಂಡು ಬಂದ ಹಿಟ್ಟಿನ ಗಿರಣಿಯನ್ನು ಅವರು ವಹಿಸಿಕೊಂಡಿದ್ದರು. ನಾನು ತರೀಕೆರೆಯಲ್ಲಿ ಖಾಸಗಿ ಬಸ್ಸುಗಳ ಶೆಡ್ಡಿನ ಮೇಲ್ವಿಚಾರಕನಾಗಿದ್ದು ಆಗಷ್ಟೇ ನಿವೃತ್ತನಾಗಿದ್ದೆ. ನಿವೃತ್ತನಾದರೂ ಐದಕ್ಕೆ ಏಳುವುದು, ಆರಕ್ಕೆ ಬಾಗಿಲ ಮುಂದೆ ನಿಲ್ಲುವುದು ತಪ್ಪಿರಲಿಲ್ಲ. ಅಕ್ಕ ಅದೇ ಹೊತ್ತಿಗೆ ಗಿರಣಿಯ ಬೀಗದ ಕೈ ಹಿಡಿದು, ಎಡಗಾಲನ್ನು ತುಸು ಎಳೆಯುತ್ತ ಹೊರಡುತ್ತಿದ್ದರು. "ಏನ್ ಸೂಪರ್‌ವೈಸರ್ರೇ, ಸೂರ್ಯ ಟೈಮಿಗೆ ಸರಿಯಾಗಿ ಬಂದ್ನಾ, ಲೇಟಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಇಂಥ ಅಕ್ಕನ ಮನೆ ಮುಂದೆ ಒಂದು ಬೆಳಗ್ಗೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ಕಾರು ನಿಂತಿತ್ತು. ಯಾರೋ ನೆಂಟರದಿರಬೇಕೆಂದುಕೊಂಡೆ. ಅಕ್ಕ ಬಂದು, ಸೀರೆಯ ನೆರಿಗೆ ಒಟ್ಟುಮಾಡಿಕೊಂಡು, ಅದರೊಳಗೆ ಇಳಿದರು. ಇಳಿದರು ಎಂಬುದೇ ಸರಿ, ಆ ಕಾರಿಗೆ ಹತ್ತುವುದೆಂಬುದಿರಲಿಲ್ಲ. ಸದ್ದಿಗೆ ನಮ್ಮ ಕಿಟಕಿಯ ಗಾಜು ಅದುರಿತು. ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಟ್ಟೆನೆಂದು ಆಮೇಲೆ ಹುಡುಕಬೇಕಾಯಿತು.

ಸಂಜೆ ಕೇಳಿಯೇಬಿಟ್ಟೆ, ಈ ವಯಸ್ಸಿಗೆ ಇದು ಬೇಕಿತ್ತೇ ಎಂದು.

"ಮೂವತ್ತರಲ್ಲಿ ತಗೊಂಡಿದ್ರೆ ಯಾರು ಕೊಡಿಸಿದ್ದು ಅಂತ ಕೇಳ್ತಿದ್ರಿ. ಅರವತ್ತರಲ್ಲಿ ತಗೊಂಡ್ರೆ ಹುಚ್ಚು ಅಂತೀರಿ. ಅದೇ ವಾಸಿ ಕಣ್ರೀ," ಎಂದು ನಕ್ಕರು.

ಕಾರು ಹಳೆಯದು. ಆದರೆ ಕಡೂರಿನ ಮೆಕ್ಯಾನಿಕ್ ಒಬ್ಬ ಅದರ ಇಂಜಿನ್ನನ್ನು ಟ್ಯೂನ್ ಮಾಡಿ ಶಕ್ತಿ ಹೆಚ್ಚಿಸಿದ್ದ. ಇಂಜಿನ್ನಿನ ಬಲ ಹೆಚ್ಚಿತು, ಕ್ಲಚ್ ಹಳೆಯದೇ ಉಳಿಯಿತು. ಲಿಂಗದಹಳ್ಳಿಯಿಂದಾಚೆಯ ಏರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋದಾಗ ಅದು ಬಯಲಾಯಿತು. ಇಂಜಿನ್ ಅರಚುತ್ತದೆ, ಕಾರು ಏಳುವುದಿಲ್ಲ, ಒಳಗೆಲ್ಲ ಸುಟ್ಟ ನಾತ. ಇಂಜಿನ್ನಿನ ಓಟವನ್ನು ಚಕ್ರಕ್ಕೆ ದಾಟಿಸಬೇಕಾದ ಕ್ಲಚ್ ಪ್ಲೇಟು ಹಿಡಿಯದೆ ಜಾರುತ್ತಿತ್ತು. ಬೇರೆ ಕ್ಲಚ್ ಹಾಕಿಸದೆ ಗತಿಯಿರಲಿಲ್ಲ.

ಅಲ್ಲಿಯೇ ರಸ್ತೆ ಬದಿಗೆ ನಿಲ್ಲಿಸಿ, ಮಂಡಿ ತಿಕ್ಕಿಕೊಳ್ಳುತ್ತ ಅಕ್ಕ ಹೇಳಿದರು. ದಸರಾ ಹಬ್ಬ ಕಳೆದ ಮೇಲಿನ ಭಾನುವಾರ, ಕಡೂರಿನ ಆಚೆ ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯಲ್ಲಿ, ಅನುಮತಿ ಪಡೆದು ಕಾರುಗಳನ್ನು ಒಂದೊಂದಾಗಿ ನೇರ ಓಡಿಸಿ ವೇಗ ಅಳೆಯುತ್ತಾರೆ. ಅದಕ್ಕೆ ತಾವೂ ಹೆಸರು ಕೊಟ್ಟಿದ್ದಾರಂತೆ. "ಡಾಕ್ಟ್ರು ಮಂಡಿ ಬದಲಾಯಿಸ್ಬೇಕು ಅಂದವ್ರೆ. ಅವರ ಕೈಗೆ ಸಿಕ್ಕೋಕೆ ಮುಂಚೆ ಒಂದೇ ಒಂದ್ಸಲ ಇದನ್ನ ಪೂರ್ತಿ ಬಿಡ್ಬೇಕು. ಗೆಲ್ಲೋದೇನೂ ಬ್ಯಾಡ. ಪೂರ್ತಿ ಬಿಟ್ಟೆ ಅನ್ಬೇಕು, ಅಷ್ಟೇ."

ಕ್ಲಚ್ ಆರಿಸುವ ಕೆಲಸ ಅವರ ಮನೆಯ ಜಗಲಿಯಲ್ಲೇ ನಡೆಯಿತು. ಮೆಕ್ಯಾನಿಕ್ ಎರಡು ದಾರಿ ಹೇಳಿದ. ಒಂದು, ಮಾಮೂಲಿ ಲೈನಿಂಗ್ ಇರುವ ಒಳ್ಳೆಯ ಪ್ಲೇಟು ಹಾಕಿ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗನ್ನು ಗಟ್ಟಿಯದು ಮಾಡುವುದು. ಕಾರು ಮೆತ್ತಗೆ ಹೊರಡುತ್ತದೆ, ಆದರೆ ಪೆಡಲ್ ಭಾರ. ಇನ್ನೊಂದು, ಹಳೆಯ ಸ್ಪ್ರಿಂಗನ್ನೇ ಇಟ್ಟುಕೊಂಡು ಲೋಹದ ಬಿಲ್ಲೆಗಳಿರುವ ಪ್ಲೇಟು ಹಾಕುವುದು. ಪೆಡಲ್ ಹಗುರ, ಹಿಡಿತ ಭದ್ರ, ಆದರೆ ಅರ್ಧ ಕ್ಲಚ್ ಎಂಬುದೇ ಇರುವುದಿಲ್ಲ. ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಬಂದ್.

"ಅಕ್ಕೋ, ಬಿಲ್ಲೆದು ಹಾಕಿದ್ರೆ ಸಂತೆ ದಿನ ಪೇಟೆ ಬೀದೀಲಿ ಕಪ್ಪೆ ಹಂಗೆ ಕುಪ್ಪಳಿಸ್ತೀರ," ಎಂದ ಮೆಕ್ಯಾನಿಕ್.

ನಾನು ಮೊದಲನೆಯದಕ್ಕೇ ಮತ ಹಾಕಿದೆ. ಕೆಲಸದಲ್ಲಿದ್ದಷ್ಟು ಕಾಲ ಡ್ರೈವರುಗಳಿಗೆ ನಾನು ಹೇಳಿಕೊಟ್ಟಿದ್ದೇ ಅದು, ಪ್ರಯಾಣಿಕನ ತಲೆ ಅಲುಗದ ಹಾಗೆ ಬಸ್ಸು ಎತ್ತಬೇಕೆಂದು. ಅಕ್ಕ ಮಂಡಿ ನೋಡಿಕೊಂಡರು, ನಮ್ಮಿಬ್ಬರ ಮುಖ ನೋಡಿದರು, ಆಗಲಿ ಎಂದರು. ಬಾಗಿಲ ಬಳಿ ಅವರಮ್ಮ ಅಕ್ಕಿ ಆರಿಸುತ್ತ ಕೂತಿದ್ದರು. ತೊಂಬತ್ತರ ಹತ್ತಿರದ ಜೀವ. ತಲೆಯೆತ್ತಿ, "ಅಂದ್ರೆ ಇದು ನಮ್ಮ ಗಿರಣಿ ಬೆಲ್ಟಿನ ಕೆಲಸವೇನಪ್ಪಾ?" ಎಂದು ಕೇಳಿದರು.

"ಹೆಚ್ಚುಕಡಿಮೆ ಹಾಗೇ ಅಮ್ಮ. ಇಂಜಿನ್ನನ್ನ ಹಿಡಿಯೋದು, ಬಿಡೋದು," ಎಂದೆ.

ಪ್ಲೇಟು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಹಬ್ಬದ ಹೊಸ್ತಿಲಲ್ಲಿ ಬಂದ ಹೊಸ ಸಾಮಾನನ್ನು ಪೂಜೆಗಿಡದೆ ಯಂತ್ರಕ್ಕೆ ಕೂರಿಸುವ ಪದ್ಧತಿ ಗಿರಣಿಯವರ ಮನೆಯಲ್ಲಿರಲಿಲ್ಲ. ದೇವರ ಮುಂದೆ ಇಟ್ಟರು. ಲೈನಿಂಗಿಗೆ ಜಿಡ್ಡು ತಾಗಕೂಡದು, ಬರಿಗೈಯಲ್ಲಿ ಮುಟ್ಟುವುದೂ ಬೇಡ ಎಂದು ಮೆಕ್ಯಾನಿಕ್ ಎಲ್ಲರ ಎದುರಿಗೇ ಹೇಳಿ ಹೋಗಿದ್ದ.

ಹಬ್ಬದ ದಿನ ಪ್ರಸಾದಕ್ಕೆ ಕರೆದರೆಂದು ಹೋದೆ. ಮೆಕ್ಯಾನಿಕ್ ಆಗಲೇ ಬಂದು ದೇವರ ಮನೆಯ ಬಾಗಿಲಲ್ಲಿ ನಿಂತಿದ್ದ. ಬಾಯಿ ತೆರೆದಿತ್ತು. ಬಗ್ಗಿ ನೋಡಿದೆ. ಪ್ಲೇಟು ಹೊಳೆಯುತ್ತಿತ್ತು. ಅರಿಸಿನ, ಕುಂಕುಮ, ಅದರ ಮೇಲೆ ಬೆರಳಗಲ ತುಪ್ಪ. ತಿರುಗಿಸಿ ನೋಡಿದರೆ ಆ ಮಗ್ಗುಲಿಗೂ ತುಪ್ಪ. ಲೈನಿಂಗ್ ಕುಡಿದು ಕಪ್ಪಾಗಿಹೋಗಿತ್ತು. ಅಷ್ಟು ತುಪ್ಪ ಕುಡಿದ ಲೈನಿಂಗನ್ನು ಯಾವುದರಲ್ಲಿ ತೊಳೆದರೂ ಅದು ಮತ್ತೆ ಹಿಡಿಯುವುದಿಲ್ಲ.

"ಅಜ್ಜೀ, ಏನ್ ಮಾಡ್ಬಿಟ್ರಿ!" ಎಂದು ಮೆಕ್ಯಾನಿಕ್ ಕೊನೆಗೂ ಕೂಗಿದ.

"ಹೊಸದಲ್ವೇನೋ. ತುಪ್ಪ ಹಚ್ದೆ ಇಡಕ್ಕಾಗ್ತದಾ?" ಎಂದರು ಅವರಮ್ಮ.

ಅಕ್ಕ ಒಳಗಿನಿಂದ ಬಂದರು. ಪ್ಲೇಟನ್ನು ನೋಡಿದರು. ಆಮೇಲೆ ಅಮ್ಮನನ್ನು, ತುಂಬ ಹೊತ್ತು... ಬೈಗುಳ ಬರುತ್ತದೆಂದು ನಾನು ಕಾದೆ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ಚೆನ್ನಾಗೇ ಪೂಜೆ ಮಾಡಿದ್ದೀಯ ಬಿಡಮ್ಮ," ಎಂದು, ಮೆಕ್ಯಾನಿಕ್ ಕಡೆ ತಿರುಗಿ, "ಲೇ, ಆ ಬಿಲ್ಲೆದು ಸಿಗ್ತದೇನೋ ಭಾನುವಾರದೊಳಗೆ?" ಎಂದರು.

ಸಿಕ್ಕಿತು. ಕೂರಿಸಿಯೂ ಆಯಿತು. ಎರಡು ದಿನ ಅಮೃತಾಪುರದ ರಸ್ತೆಯಲ್ಲಿ ಅಕ್ಕ ಅಭ್ಯಾಸ ಮಾಡಿದರು. ಮೊದಲ ದಿನ ಮೆಕ್ಯಾನಿಕ್ ಹೇಳಿದಂತೆ ಕಪ್ಪೆಯೇ. ಪಕ್ಕದಲ್ಲಿ ಕೂತ ನನ್ನ ಹಲ್ಲು ಹಲ್ಲಿಗೆ ಬಡಿಯಿತು. ಆದರೆ ಪೆಡಲ್ ಹಗುರವಾಗಿತ್ತು, ಅವರ ಮಂಡಿ ತಡೆಯಿತು. ಗಟ್ಟಿ ಸ್ಪ್ರಿಂಗಿನದನ್ನು ಆ ಕಾಲು ಎರಡು ಸಲಕ್ಕಿಂತ ಹೆಚ್ಚು ತುಳಿಯುತ್ತಿರಲಿಲ್ಲ ಎಂದು ಆಗ ನನಗೆ ತಿಳಿಯಿತು.

ಭಾನುವಾರ ಅವರ ಸರದಿ ಬಂದಾಗ ನೆರೆದವರಲ್ಲಿ ಕೆಲವರು ಸೀರೆ ನೋಡಿ ಶಿಳ್ಳೆ ಹೊಡೆದರು. ಬಾವುಟ ಇಳಿಯಿತು. ಕಾರು ಕುಪ್ಪಳಿಸಲಿಲ್ಲ, ನಿಂತೂ ಹೋಗಲಿಲ್ಲ. ಒಂದೇ ಏಟಿಗೆ ಕಣ್ಣ ಮುಂದಿನಿಂದ ಇಲ್ಲವಾಯಿತು. ಶಿಳ್ಳೆ ಹೊಡೆಯುತ್ತಿದ್ದವರ ಬೆರಳು ಬಾಯಲ್ಲೇ ಉಳಿಯಿತು. ಬಹುಮಾನವೇನೂ ಬರಲಿಲ್ಲ. ನಿಧಾನವಾಗಿ ವಾಪಸು ಬಂದು, ಗಾಜು ಇಳಿಸಿ, ನನಗೊಂದೇ ಮಾತು ಹೇಳಿದರು. "ಪೂರ್ತಿ ಬಿಟ್ಟೆ ಕಣ್ರೀ."

ಆ ಕೆಂಪು ಕಾರು ಯಾವತ್ತಾದರೂ ಇವರ ಜೀವ ತೆಗೆಯುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ನನ್ನ ಹೆದರಿಕೆಯೂ ಅದೇ. ಕಾರು ಏನೂ ಮಾಡಲಿಲ್ಲ. ಅದೇ ಚಳಿಗಾಲದಲ್ಲಿ ಮಂಡಿಯ ಆಪರೇಷನ್ ಆಯಿತು. ಚೆನ್ನಾಗಿ ಆಯಿತೆಂದರು. ಮೂರನೆಯ ದಿನ ವಾಕರ್ ಹಿಡಿದು ನಡೆದರು. ನಾಲ್ಕನೆಯ ದಿನ ಬೆಳಗ್ಗೆ ನಾನು ಬಾಗಿಲಲ್ಲಿ ನಿಂತಿದ್ದಾಗಲೇ ಫೋನ್ ಬಂತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತಂತೆ. ಮುಗಿಯಿತಂತೆ... ನಾನು ಫೋನ್ ಹಿಡಿದುಕೊಂಡೇ ಎದುರು ಮನೆಯ ಬಾಗಿಲನ್ನು ನೋಡುತ್ತ ನಿಂತಿದ್ದೆ. ಆ ದಿನ ನಾನು ಯಾವ ಕೆಲಸವನ್ನು ಯಾವ ಹೊತ್ತಿಗೆ ಮಾಡಿದೆನೋ ನೆನಪಿಲ್ಲ.

ಕಾರ್ಯಗಳೆಲ್ಲ ಮುಗಿದ ಸಂಜೆ ಅವರಮ್ಮ ನನ್ನನ್ನು ಒಳಗೆ ಕರೆದರು. ದೇವರ ಮನೆಯಿಂದ ಆ ಪ್ಲೇಟನ್ನು ತಂದು ನನ್ನ ಕೈಗಿತ್ತರು.

"ಏನಪ್ಪಾ, ಎಣ್ಣೆ ತಾಗಿದ ಬೆಲ್ಟು ಜಾರ್ತದೆ ಅಂತ ಗೊತ್ತಿಲ್ದೇನೆ ನಾನು ಅಷ್ಟು ವರ್ಷ ಗಿರಣಿ ನಡೆಸಿದ್ನಾ?"

ನನಗೆ ಕೂಡಲೇ ಅರ್ಥವಾಗಲಿಲ್ಲ.

"ಬೇಕೂಂತ್ಲೇ ಹಚ್ಚಿದೆ. ಎರಡೂ ಮಗ್ಗುಲಿಗೆ. ಕಾರು ಕೆಟ್ಟು ನಿಂತ್ರೆ ಮಗಳು ಉಳೀತಾಳೆ ಅಂತ. ಆಪರೇಷನ್ ಮಾಡಿಸ್ಕೊಳ್ಳೇ, ಆಪರೇಷನ್ ಮಾಡಿಸ್ಕೊಳ್ಳೇ ಅಂತ ಬೆನ್ನು ಹತ್ತಿದೋಳೂ ನಾನೇ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಕೇಳಬಾರದಿತ್ತೇನೋ, ಆದರೂ ಕೇಳಿದೆ. "ಅಕ್ಕನಿಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿಲ್ದೇ ಏನು! ಹಬ್ಬದ ದಿನ ನೀವಿಬ್ರೂ ಹೋದ ತಕ್ಷಣ ಬಂದು ನನ್ನ ಕಾಲ ಹತ್ರ ಕೂತ್ಕೊಂಡ್ಲು. 'ಇನ್ನೂ ಒಂದು ಸೌಟು ಹಾಕಿದ್ರೂ ನಾನು ಹೋಗೋಳೇ ಕಣಮ್ಮ' ಅಂದ್ಲು. ಅಂದು ನನ್ನ ಕೈಗೆ ಅಂಟಿದ್ದ ತುಪ್ಪನ ಅವಳ ಸೆರಗಲ್ಲೇ ಒರೆಸಿದ್ಲು."

ಅವರಮ್ಮ ಅತ್ತರೇ ಇಲ್ಲವೇ ಎಂಬುದು ನನಗೆ ಕಾಣಲಿಲ್ಲ. ನಾನು ಪ್ಲೇಟನ್ನೇ ನೋಡುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅವರೂ ಹೋದರು. ಗಿರಣಿ ಮುಚ್ಚಿತು. ಕಾರನ್ನು ದೂರದೂರಿನ ಯಾರೋ ಕೊಂಡೊಯ್ದರು, ಬಿಲ್ಲೆಯ ಕ್ಲಚ್ಚೂ ಅದರ ಜೊತೆಗೇ ಹೋಯಿತು. ಬೆಳಗ್ಗೆ ಆರಕ್ಕೆ ಬಾಗಿಲಲ್ಲಿ ನಿಂತರೆ ಸೂರ್ಯ ಲೇಟೇ ಎಂದು ಕೇಳುವವರು ಈಗ ಯಾರೂ ಇಲ್ಲ.

ಇವತ್ತು ನನ್ನ ಹೆಂಡತಿ ತುಪ್ಪದ ಬಟ್ಟಲು ಹಿಡಿದು ಬಂದು, "ಒಂದು ಮಗ್ಗುಲಿಗೆ ಸಾಕಲ್ವಾ?" ಎಂದಳು. ಸಾಲದು ಎಂದೆ. ಎರಡೂ ಮಗ್ಗುಲಿಗೆ ನಾನೇ ಸವರಿದೆ, ಕುಂಕುಮ ಇಟ್ಟೆ, ಆರತಿ ಎತ್ತಿದೆ. ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ. ಪ್ಲೇಟನ್ನು ಮಾತ್ರ ಒರೆಸದೆ, ಹಾಗೆಯೇ ಮೊಳೆಗೆ ತೂಗುಹಾಕಿದೆ.