ಮೀಟರಕ್ಕ ಮತ್ತು ಅಪ್ಪನ ಕುರೂಪಿ ಬೆಸುಗೆ

ಬೀದಿಯವರೆಲ್ಲ ಅವಳನ್ನ ಮೀಟರಕ್ಕ ಅಂತಾನೇ ಕರೆಯೋದು. ವೋಲ್ಟೇಜ್ ಅಳೆಯೋ ಮೀಟರು ಸದಾ ಕೊರಳಲ್ಲಿ ನೇತಾಡ್ತಿರುತ್ತೆ, ಹಸು ಕೊರಳಿನ ಗಂಟೆ ಥರ. ಮೆಟ್ಟಿಲ ಕೆಳಗೆ ಅಂಗಡಿ. ಇಬ್ಬರು ಕೂತ್ರೆ ಮೂರನೆಯವರು ಉಸಿರು ಬಿಗಿ ಹಿಡ್ಕೊಂಡೇ ಒಳಗೆ ಬರ್ಬೇಕು. ಹಳೇ ಕಾಲದ, ಕೈಯಲ್ಲಿ ಹಿಡ್ಕೊಂಡು ಆಡೋ ಗೇಮ್ ಡಬ್ಬಿ ಇರುತ್ತಲ್ಲ, ಅದರ ಮಂಕು ಸ್ಕ್ರೀನ್ ಕಿತ್ತು, ಫಳಫಳ ಹೊಳೆಯೋ ಹೊಸ ಸ್ಕ್ರೀನು, ಚಾರ್ಜ್ ಆಗೋ ಬ್ಯಾಟರಿ ಹಾಕಿ ಕೊಡೋದು ಅವಳ ಕಸುಬು. ಸ್ಕ್ರೀನು ಅವಳ ಪಾಲು, ಬ್ಯಾಟರಿ ಬೆಸುಗೆ ಅಪ್ಪನ ಪಾಲು. ಅಪ್ಪ ಜೀವಮಾನ ಎಲ್ಲ ಟಿವಿ ರಿಪೇರಿ ಮಾಡಿದೋರು. ಈಗ ಕೈ ನಡುಗುತ್ತೆ. ಆದ್ರೂ ಬೆಸುಗೆ ಕಡ್ಡಿ ಹಿಡಿದ್ರೆ ಸಾಕು, ಮುಖದಲ್ಲಿ ಹಳೇ ಯಜಮಾನ ಎದ್ದು ಕೂರೋನು.

ಒಂದಿನ ಜಿಮ್ ಮಾಸ್ಟರು ಡಬ್ಬಿ ವಾಪಸ್ ತಂದ್ರು.

"ಏನಕ್ಕಾ ಇದು! ಆಟದ ಕೊನೇ ರಾಕ್ಷಸ ಇನ್ನೇನು ಸಾಯ್ಬೇಕು, ಅಷ್ಟರಲ್ಲಿ ಡಬ್ಬೀನೇ ಸತ್ತೋಗುತ್ತೆ!"

ಮೀಟರಕ್ಕ ಡಬ್ಬಿ ಬಿಚ್ಚಿದ್ಲು. ಹೊಸ ಸ್ಕ್ರೀನು ದುಬಾರಿ ಮಾಲು, ಎಲ್ಲಿ ಸುಟ್ಟೋಗುತ್ತೋ ಅಂತ ಮೊದಲು ಅದನ್ನ ತೆಗೆದು ಪಕ್ಕಕ್ಕಿಟ್ಟು, ಆಮೇಲೆ ಮೀಟರ್ ಹಚ್ಚಿದ್ಲು. ಎಲ್ಲಾ ಕಡೆ ವೋಲ್ಟು ಸರಿಯಾಗೇ ಇತ್ತು.

"ಪುಟ್ಟೀ, ಸ್ಕ್ರೀನ್ ಹಾಕಿ, ಬೆಳಕು ಪೂರ್ತಿ ಏರಿಸಿ ನೋಡೇ," ಅಂದ್ರು ಅಪ್ಪ. "ಹೊರೆ ಹೊರಿಸ್ದೆ ಕತ್ತೆ ಗಟ್ಟಿ ಇದ್ಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ?"

"ಅಪ್ಪಾ, ನೀನು ಸ್ವಲ್ಪ ಸುಮ್ನಿರ್ತೀಯಾ?" ಅವಳ ಕಣ್ಣು ಅಪ್ಪನ ಬೆಸುಗೆ ಮೇಲೆ ನಿಂತಿತ್ತು. ಗಂಟುಗಂಟಾಗಿ, ಸುಟ್ಟ ಬೆಲ್ಲದ ಉಂಡೆ ಥರ. ಮಾಸ್ಟರ ಮುಂದೇನೇ ಹೇಳ್ಬಿಟ್ಲು: "ಇವರ ಕೈ ನಡುಗುತ್ತಲ್ಲ, ಅದೇ ತೊಂದ್ರೆ. ಇನ್ಮೇಲೆ ಇವರಿಗೆ ಕೊಡಲ್ಲ ಬಿಡಿ."

ಅಪ್ಪ ಬೆಸುಗೆ ಕಡ್ಡಿ ಆರೋತನಕ ಕಾದ್ರು, ವೈರು ಸುತ್ತಿದ್ರು, ಮಗಳ ಡ್ರಾಯರಲ್ಲಿ ಇಟ್ರು.

ಮಾರನೇ ದಿನ ಆ ಬೆಸುಗೆ ಕಿತ್ತು ಹೊಸದಾಗಿ ಹಾಕೋಣ ಅಂತ ಕೂತ್ಲು. ಎಳೆದ್ರೆ ಬರ್ಬೇಕಲ್ಲ! ಉಡದ ಹಿಡಿತ. ಅನುಮಾನ ಬಂತು. ಸ್ಕ್ರೀನ್ ಹಾಕಿ, ಬೆಳಕು ಪೂರ್ತಿ ಏರಿಸಿ, ಮತ್ತೆ ಅಳೆದ್ಲು. ಅಪ್ಪನ ಗಂಟಿನ ಹತ್ರ ವೋಲ್ಟು ಕಲ್ಲಿನ ಹಾಗೆ ನಿಂತಿತ್ತು. ಅವಳು ಸ್ಕ್ರೀನಿಗೆ ಎಳೆದಿದ್ದ ತಂತಿ ದಾಟಿದ್ಮೇಲೆ ನೋಡಿದ್ರೆ, ಅರ್ಧಂಬರ್ಧ. ಅಂದವಾಗಿ ಕಾಣ್ಲಿ ಅಂತ ಕೂದಲೆಳೆ ಥರದ ತಂತಿ ಹಾಕಿದ್ಲು. ಮುಟ್ಟಿದ್ರೆ ಬೆರಳು ಚುರ್ ಅಂತು. ಮೇಲೆ ಥಳುಕು, ಒಳಗೆ ಹುಳುಕು. ಕಿತ್ತು ಬಿಸಾಕಿ ದಪ್ಪ ತಂತಿ ಹಾಕಿದ್ಲು. ಡಬ್ಬಿ ಆರಲೇ ಇಲ್ಲ.

ಅಷ್ಟರಲ್ಲಿ ಮಾಸ್ಟರು ಬಂದೇಬಿಟ್ರು. "ತಪ್ಪು ಎಲ್ಲಿತ್ತು ಅಂತ ಸಿಕ್ತಾ? ಯಾರ ಕೈಚಳಕ ಅದು? ನಮ್ಮ ಜಿಮ್ಮಿನ ಹುಡುಗ್ರೆಲ್ಲ ತಮಗೂ ಬೇಕು ಅಂತಿದ್ದಾರೆ. ಕೆಲಸ ಗಟ್ಟಿ ಇದ್ರೆ ಮಾತ್ರ ಕಳಿಸ್ತೀನಿ."

ಮೀಟರಕ್ಕ ಬಾಯಿ ತೆರೆದ್ಲು. ಮೂಲೇಲಿದ್ದ ಅಪ್ಪ ಮೇಜಿನ ಮೇಲೆ ಸುರುಳಿ ಸುತ್ಕೊಂಡು ಬಿದ್ದಿದ್ದ ಕೂದಲೆಳೆ ತಂತಿ ನೋಡಿದ್ರು, ಮಗಳ ಮುಖ ನೋಡಿದ್ರು.

"ನಂದೇ ಸ್ವಾಮಿ. ವಯಸ್ಸಾಯ್ತಲ್ಲ," ಅಂದ್ರು.

ತೆರೆದ ಬಾಯಿ ಮುಚ್ಕೊಳ್ತು.

ಮಾಸ್ಟರು ಆ ಕಡೆ ಹೋದ್ಮೇಲೆ ಕೇಳಿದ್ಲು, "ಯಾಕಪ್ಪಾ ಹಂಗಂದೆ?"

"ನೀನು 'ಅಲ್ಲ' ಅನ್ಬಹುದಿತ್ತಲ್ಲ ಪುಟ್ಟಿ. ಬಾಯಿ ನಿಂದೇ ಇತ್ತು."

ಅವಳು ಡ್ರಾಯರಿಂದ ಕಡ್ಡಿ ತೆಗೆದು ಮುಂದೆ ಚಾಚಿದ್ಲು. ಅಪ್ಪ ಕೈ ಹಿಂದಕ್ಕೆ ಕಟ್ಕೊಂಡ್ರು. "ನಡುಗೋ ಕೈಗೆ ಯಾಕಮ್ಮ?"

ಈಗ ಬೆಸುಗೆ ಎಲ್ಲಾ ಅವಳದ್ದೇ, ಮುತ್ತು ಪೋಣಿಸಿದ ಹಾಗೆ. ಅಪ್ಪ ಡಬ್ಬಿ ಧೂಳು ಒರೆಸ್ತಾರೆ. ಮಾಸ್ಟರ ಡಬ್ಬಿ ಇವತ್ತಿಗೂ ಆ ಕುರೂಪಿ ಬೆಸುಗೆ ಮೇಲೇ ಓಡ್ತಿದೆ. ರಾಕ್ಷಸ ಸತ್ತು ಎಷ್ಟೋ ಕಾಲ ಆಯ್ತು. ಮಾಸ್ಟರು ಮಾತ್ರ ಸಿಕ್ಕಿದೋರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ: "ಮಗಳ ಹತ್ರಾನೇ ಮಾಡ್ಸಿ. ಆ ಮುದುಕಪ್ಪನ ಕೈಗೆ ಮಾತ್ರ ಕೊಡ್ಬೇಡಿ."