ನೀರಿನಡಿಯಲ್ಲಿ ಕೇಳಿದ ಮೂರು ಪೆಟ್ಟು

ಶಕುನ, ಭೂತ, ಕನಸಿನಲ್ಲಿ ಬಂದು ಹೇಳಿಹೋದ ಹಿರಿಯರು, ಇಂಥ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ಅಂಕೋಲಾದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎದ್ದು ಹೋಗಲಾಗದ ಕಡೆ ವಾದ ಮಾಡಿ ಎದುರಿನವರನ್ನೇ ಎಬ್ಬಿಸಿದ್ದೂ ಉಂಟು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ನನಗೇ ಪೂರ್ತಿ ನಂಬಿಕೆಯಿಲ್ಲ.

ನನ್ನ ಹೆಂಡತಿ ನಾಗವೇಣಿ ಕಾರವಾರದಾಚೆ ಗೋವಾ ಗಡಿಯ ಮಾಜಾಳಿಯ ಮೀನುಗಾರರ ಮನೆಯವಳು. ನಮ್ಮದು ಗದ್ದೆಯ ಮನೆತನ. ಸಮುದ್ರ ಕೂಗಳತೆಯಲ್ಲಿದ್ದರೂ ಅದಕ್ಕೆ ಬೆನ್ನು ಹಾಕಿ ಬದುಕಿದವರು. ನಾವಿಬ್ಬರೂ ಮೆಚ್ಚಿ ಮದುವೆಯಾದದ್ದು ಎರಡೂ ಮನೆಗೆ ಹಿಡಿಸಲಿಲ್ಲ. ನಮ್ಮವರು ವರ್ಷದೊಳಗೆ ತಣ್ಣಗಾದರು, ಅವಳ ಅಪ್ಪ ಆಗಲಿಲ್ಲ. ನಾನು ಹೋದರೆ ಗೋಡೆಯ ಕಡೆ ಮುಖ ಮಾಡಿಬಿಡುತ್ತಿದ್ದರು. ಮೂರನೆಯ ವರ್ಷ ಅವರಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋದವು. ಊರಿನವರ ಪಾಲಿಗೆ ಅವರ ಮಾತು ನಿಂತದ್ದು ಆವತ್ತು, ನನ್ನ ಪಾಲಿಗೆ ಮೊದಲೇ ನಿಂತಿತ್ತು. ಅವರ ಹಳೆಯ ದೋಣಿಯನ್ನು ಒಡೆಸಿ, ಅದರ ಒಂದು ಹಲಗೆಯನ್ನು ಮಂಚದ ಪಕ್ಕ ಬೆಂಚಿನ ಹಾಗೆ ಹಾಕಿದ್ದರು. ನಾನು ಹೋದಾಗಲೆಲ್ಲ ಕೂರುತ್ತಿದ್ದದ್ದು ಅದರ ಮೇಲೆ. ಅವರು ಒಂದೇ ಒಂದು ಸಲ ನನ್ನನ್ನು ಕರೆದಿದ್ದರೆ ಸಾಕಿತ್ತು, ಬೈಯಲಿಕ್ಕಾದರೂ ಸರಿ ಎಂದು ಎಷ್ಟೋ ಸಲ ಅನಿಸಿದೆ.

ಅದರ ಮರುವರ್ಷ, ನಮ್ಮ ಕೈಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ನಾಗವೇಣಿಯ ಚಿಕ್ಕಪ್ಪನ ಮಗ ಸುಭಾಷ ಗೋವಾದಲ್ಲಿ ಪ್ರವಾಸಿಗರಿಗೆ ಸ್ಕೂಬಾ ಡೈವಿಂಗ್ ಮಾಡಿಸುವ ಕೆಲಸದಲ್ಲಿದ್ದ. ಡಿಸೆಂಬರಿನಲ್ಲಿ ಅವರ ಬೋಟು ಮೂರು ದಿನ ಕಾರವಾರ, ಅಂಕೋಲೆಯ ನಡುಗಡ್ಡೆಗಳ ಕಡೆ ಬರುವುದಿತ್ತು. ಊಟ, ನಿದ್ದೆ ಎಲ್ಲ ಬೋಟಿನಲ್ಲೇ. ಎರಡು ಜಾಗ ಖಾಲಿ ಇದೆ, ಬನ್ನಿ ಎಂದ. ಮದುವೆಯಾದ ಮೇಲೆ ನಾವು ಎಲ್ಲಿಗೂ ಹೋದವರಲ್ಲ. ನಾಲ್ಕು ಭಾನುವಾರ ಗೋವಾಕ್ಕೆ ಹೋಗಿ ಕಲಿತು ಬಂದೆವು. ಜನ ಬೇರೆ ಊರು ನೋಡಲು ಪ್ರವಾಸ ಹೋಗುತ್ತಾರೆ, ಇವರು ತಮ್ಮೂರನ್ನೇ ನೀರಿನ ಮೇಲಿಂದ ನೋಡಲು ಹೊರಟಿದ್ದಾರೆ ಎಂದು ಶಾಲೆಯಲ್ಲಿ ಎಲ್ಲರೂ ನಕ್ಕರು.

ಮೊದಲ ದಿನ ನಾನು ತಿಂದದ್ದನ್ನೆಲ್ಲ ವಾಂತಿ ಮಾಡಿ ಮೀನಿಗೆ ಕೊಟ್ಟೆ. ನಾಗವೇಣಿ ಮಾತ್ರ ತವರಿಗೆ ಬಂದವಳ ಹಾಗೆ ಓಡಾಡಿಕೊಂಡಿದ್ದಳು. ಎರಡನೆಯ ದಿನ ಬೆಳಿಗ್ಗೆ ಬೇಲೆಕೇರಿಯ ಆಚೆ ಒಂದು ಬಂಡೆಗಡ್ಡೆಯ ಹತ್ತಿರ ಲಂಗರು ಹಾಕಿದರು. ತಿಂಡಿ ತಿಂದು ನಾವು ಮೂವರೂ ಇಳಿದೆವು. ನೀರು ಬೆಚ್ಚಗಿತ್ತು. ಮೂವತ್ತು ಅಡಿ ಕೆಳಗೆ ಬಂಡೆಯ ಸುತ್ತ ನೀಲಿ, ಹಳದಿ ಮೀನುಗಳು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೇಯುತ್ತಿದ್ದವು. ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುವ ಮೀಟರನ್ನು ನಾನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ಮುಳ್ಳು ಅರ್ಧದಲ್ಲಿತ್ತು.

ಬಂಡೆಯಲ್ಲಿ ಒಂದು ಇಕ್ಕಟ್ಟಾದ ಸಂದಿಯಿತ್ತು. ಒಬ್ಬೊಬ್ಬರಾಗಿ ತೂರಿ ಆಚೆ ಹೋಗೋಣ ಎಂದು ಸುಭಾಷ ಸನ್ನೆ ಮಾಡಿದ. ಮೊದಲು ಅವನು, ಆಮೇಲೆ ನಾಗವೇಣಿ, ಕೊನೆಗೆ ನಾನು.

ಆಗ ಸದ್ದು ಕೇಳಿತು. ಮೂರು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಮೂರು. ಮರದ ಮೇಲೆ ಬಡಿದ ಸದ್ದು. ನೀರಿನೊಳಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದು ಕಷ್ಟ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ನಾನು. ಆದರೂ ನಾಗವೇಣಿಯೂ ನಾನೂ ಏಕಕಾಲಕ್ಕೆ ಒಂದೇ ಕಡೆ ತಿರುಗಿದೆವು.

ನಾಗವೇಣಿ ಹೆಬ್ಬೆರಳು ಎತ್ತಿದಳು. ಮೇಲೆ ಹೋಗುವ ಎಂದು ಅದರ ಅರ್ಥ. ನಾನು ಮೀಟರು ತೋರಿಸಿದೆ, ಬೇಡವೆಂದು ಕೈಯಾಡಿಸಿದೆ. ಅವಳು ನನ್ನ ಸಿಲಿಂಡರಿನ ಪಟ್ಟಿ ಹಿಡಿದು ಎಳೆದಳು. ಮತ್ತೆ ಮೂರು ಪೆಟ್ಟು. ನನಗೆ ಸಿಟ್ಟೇ ಬಂತು. ಇಷ್ಟು ಕಷ್ಟಪಟ್ಟು ಇಳಿದದ್ದು ಹಾಳಾಯಿತಲ್ಲ ಎಂದುಕೊಂಡೇ ಅವಳ ಹಿಂದೆ ಏರಿದೆ. ಇನ್ನೂ ಸಂದಿಯ ಬಾಯಲ್ಲೇ ಇದ್ದ ಸುಭಾಷನೂ ತಿರುಗಿ ಬಂದ. ಅರ್ಧ ದಾರಿಯಲ್ಲಿ ಉಸಿರು ಬಿಗಿಯಿತು. ಇನ್ನೊಮ್ಮೆ ಎಳೆದೆ, ಏನೂ ಬರಲಿಲ್ಲ. ನಾಗವೇಣಿ ಉಸಿರಾಡುವ ತನ್ನ ಇನ್ನೊಂದು ನಳಿಗೆಯನ್ನು ನನ್ನ ಬಾಯಿಗೆ ತುರುಕಿದಳು. ಹಾಗೇ ಮೇಲೆ ಬಂದೆವು.

ಬೋಟಿನಲ್ಲಿ ಸುಭಾಷ ನನ್ನ ಸಿಲಿಂಡರಿನ ಬಾಯಿ ಬಿಚ್ಚಿದ. ಬುಸ್ಸೆನ್ನಬೇಕಿತ್ತು, ಸದ್ದೇ ಬರಲಿಲ್ಲ. ಮುಳ್ಳು ಮಾತ್ರ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಅವನು ಮೀಟರನ್ನು ಕುಲುಕಿ ನೋಡಿದ.

"ಆ ಸಂದೀಲಿ ಗಾಳಿ ಮುಗ್ದಿದ್ರೆ ನಾ ತಿರ್ಗಿ ಬರೂಕೂ ಆಗ್ತಿರ್ಲಿಲ್ಲ, ಭಾವಾ," ಎಂದ.

ಬಡಿದವರು ಯಾರು ಎಂದು ಕೇಳಿದೆ. ಬೋಟಿನವರು ಯಾರೂ ಬಡಿದಿರಲಿಲ್ಲ. ಬೋಟು ಫೈಬರಿನದು, ಬಡಿದರೂ ಆ ಸದ್ದು ಬರುವುದಿಲ್ಲ. ಸುತ್ತ ಬೇರೆ ದೋಣಿ ಇರಲಿಲ್ಲ. ಸುಭಾಷನಿಗೆ ಏನೂ ಕೇಳಿಸಿರಲಿಲ್ಲ. ನಾಗವೇಣಿ ಒದ್ದೆ ಕೂದಲು ಹಿಂಡುತ್ತ ನನ್ನ ಕಡೆ ತಿರುಗಿದಳು.

"ನಿಮ್ಗೂ ಕೇಳ್ತು ಅಲ್ಲಾ?" ಎಂದಳು. "ನಾ ಸಣ್ಣಕಿರುವಾಗ, ಕಲ್ಲಿಗೆ ಸಿಕ್ಕಿದ ಬಲೆ ಬಿಡ್ಸೂಕೆ ನೀರಿಗೆ ಇಳೀತಿದ್ದೆ. ಸಾಕು, ಮೇಲೆ ಬಾ ಅಂತ ಅಪ್ಪ ಹಂಗೇ ದೋಣಿ ಬಡೀತಿದ್ದ. ಮೂರು ಪೆಟ್ಟು."

ಸತ್ತವರಾದರೆ ಮಾತು ಬೇರೆ, ನಿನ್ನ ಅಪ್ಪ ಮಾಜಾಳಿಯಲ್ಲಿ ಮಂಚದ ಮೇಲಿದ್ದಾರೆ ಎಂದೆ.

ಮರುದಿನ ಸಂಜೆ ಬೋಟಿನಿಂದ ಇಳಿದವರು ನೇರ ಮಾಜಾಳಿಗೆ ಹೋದೆವು. ನಡೆದದ್ದನ್ನು ನಾವು ಯಾರಿಗೂ ಹೇಳಿರಲಿಲ್ಲ. ಅತ್ತೆ ಚಹಾ ತಂದುಕೊಡುತ್ತ ತಾವಾಗಿಯೇ ಶುರು ಮಾಡಿದರು.

"ನಿನ್ನೆ ಬೆಳಿಗ್ಗೆ ಇವ್ರಿಗೆ ಎಂತಾ ಆಗಿತ್ತೋ, ಮಾಸ್ತರ್ರೇ. ಎಡಗೈಲಿ ಈ ಹಲಗೆ ಬಡೀತೇ ಇದ್ರು. ನೀರು ಕೊಟ್ಟೆ, ಬ್ಯಾಡ. ಚಾ ಕೊಟ್ಟೆ, ಬ್ಯಾಡ. ಆಮೇಲೆ ತಾವಾಗೇ ಬಿಟ್ರು."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಗೋವಾ ಬಸ್ಸು ಹೋದ ಮೇಲೆ ಎಂದರು. ಅಲ್ಲಿ ಗೋವಾ ಬಸ್ಸು ಗಂಟೆಗೆರಡು ಹೋಗುತ್ತವೆ, ಹಾಗಾಗಿ ಅದರಿಂದ ಏನೂ ಸಾಬೀತಾಗಲಿಲ್ಲ. ಅವರು ಅದಕ್ಕೆ ಮೊದಲು ಎಂದಾದರೂ ಹಲಗೆ ಬಡಿದದ್ದಿತ್ತೇ ಎಂದೆ. ಇಲ್ಲ, ಏನು ಬೇಕಿದ್ದರೂ ಕೈಯೆತ್ತುತ್ತಾರೆ ಎಂದರು.

ಅತ್ತೆ ಒಳಗೆ ಹೋದ ಮೇಲೆ ನಾನು ಹಲಗೆಯ ಮೇಲೆ ಕೂತೆ. ಮಾವ ಎಂದಿನಂತೆ ಗೋಡೆಯ ಕಡೆ ತಿರುಗಿದ್ದರು. ಬೆರಳಿನ ಗೆಣ್ಣಿನಿಂದ ಹಲಗೆಗೆ ಮೆಲ್ಲಗೆ ಮೂರು ಸಲ ಬಡಿದೆ. ಅವರು ಕತ್ತು ಹೊರಳಿಸಿದರು. ನನ್ನ ಮುಖವನ್ನು, ಎದೆಯನ್ನು, ಎರಡೂ ಕೈಗಳನ್ನು ನಿಧಾನವಾಗಿ ನೋಡಿದರು. ನೋಡಿ ಮುಗಿದ ಮೇಲೆ ಮತ್ತೆ ಗೋಡೆಯ ಕಡೆ ತಿರುಗಿದರು.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಇಷ್ಟು ವರ್ಷಗಳಾದರೂ ಇದನ್ನು ಬಿಡಿಸಲು ನನ್ನಿಂದ ಆಗಿಲ್ಲ. ಮುಳ್ಳು ಸಿಕ್ಕಿಕೊಳ್ಳುವುದುಂಟು, ಕಾಯಿಲೆಯವರು ಹಲಗೆ ಬಡಿಯುವುದೂ ಉಂಟು, ಸಮುದ್ರದಲ್ಲಿ ನೂರೆಂಟು ಸದ್ದು. ಒಂದೊಂದನ್ನೇ ತೆಗೆದುಕೊಂಡರೆ ನಾನು ವಿವರಿಸಬಲ್ಲೆ. ಅಪ್ಪ ಮಗಳನ್ನು ಕರೆದಿರಬೇಕು ಎಂದು ಒಮ್ಮೆ ನಾಗವೇಣಿಗೆ ಹೇಳಿದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ಆವತ್ತು ಅವಳ ಸಿಲಿಂಡರಿನಲ್ಲಿ ಗಾಳಿ ಬೇಕಾದಷ್ಟಿತ್ತು.